ಏಳು ದಿನದ ಪುಡಿ

ನಮ್ಮಕ್ಕ ದಪ್ಪಗಿದ್ದಳು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಅವಳಿಗೂ ಇರಲಿಲ್ಲ. ಆಗಿನ ನಮ್ಮ ಕಡೆ ದಪ್ಪಗಿರುವುದು ನಾಚಿಕೆಯ ಸಂಗತಿಯೇ ಅಲ್ಲ. ಉಂಡುಟ್ಟು ಸುಖವಾಗಿರುವ ಮನೆಯವಳು ಎಂಬುದಕ್ಕೆ ಬೇರೆ ರುಜುವಾತು ಯಾರ ಬಳಿ ಇತ್ತು? ಸೊರಗಿದವಳನ್ನು ಕಂಡರೆ ಜನ ಮರುಗುತ್ತಿದ್ದರು, ಮೈ ತುಂಬಿದವಳನ್ನು ಕಂಡರೆ ದೃಷ್ಟಿ ತೆಗೆಯುತ್ತಿದ್ದರು. ಈಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ವಾರದಲ್ಲಿ ಮೈ ಕರಗಿಸುತ್ತೇವೆ, ತಿಂಗಳಲ್ಲಿ ಸೊಂಟ ಸಣ್ಣ ಮಾಡುತ್ತೇವೆ ಎನ್ನುವವರ ಜಾಹೀರಾತು ಕಂಡಾಗ ಮಾತ್ರ ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಮುಕ್ಕಾಲು ಪಾಲು ನನ್ನ ಮೇಲಿನದೇ.

ನಮ್ಮೂರು ಕುರುಗೋಡು. ಬಂಡೆಗುಡ್ಡಗಳ ಬುಡದ ಊರು. ಸುತ್ತ ಎರೆ ಹೊಲ, ಜೋಳ, ಹತ್ತಿ. ಅಕ್ಕನನ್ನು ಕೊಟ್ಟದ್ದು ಸಿರುಗುಪ್ಪಕ್ಕೆ. ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಬರುವುದಕ್ಕೆ ಮೊದಲೇ ಅಲ್ಲಿ ಹಳೆಯ ಕಾಲುವೆಯ ನೀರಿತ್ತು, ಗದ್ದೆಯಿತ್ತು, ಪಡಸಾಲೆಯ ತುಂಬ ನೆಲ್ಲಿನ ಚೀಲಗಳಿದ್ದವು. ನಾವು ಹಬ್ಬಕ್ಕೆ ಅನ್ನದ ಮುಖ ನೋಡುವವರು, ಅವರು ಮೂರು ಹೊತ್ತೂ ಅನ್ನ ಉಣ್ಣುವವರು, ಅದೂ ತುಪ್ಪ ಸುರಿದುಕೊಂಡು. ನೀರು ತರಲು ಆಳು, ಕುಟ್ಟಲು ಆಳು, ಹಿತ್ತಲು ಗುಡಿಸಲೂ ಆಳು. ಸೊಸೆಯ ಕೈಯಲ್ಲಿ ಕೆಲಸ ಮಾಡಿಸುವುದು ಆ ಮನೆತನಕ್ಕೆ ಕಡಿಮೆ. ಜೋಳ ತಿಂದವ ತೋಳ, ಅಕ್ಕಿ ತಿಂದವ ಹಕ್ಕಿ ಎನ್ನುತ್ತಾರೆ. ನಮ್ಮಕ್ಕ ಅಕ್ಕಿ ತಿಂದು ಹಕ್ಕಿಯಾಗಲಿಲ್ಲ. ಐದು ವರ್ಷದಲ್ಲಿ ಅಡುಗೆಮನೆಯ ಬಾಗಿಲಲ್ಲಿ ಓರೆಯಾಗಿ ದಾಟುವಷ್ಟಾದಳು. ನಾನು ಚೇಷ್ಟೆ ಮಾಡಿದರೆ, "ಬಾಗಲಾ ಸಣ್ಣದೈತಿ ಅನ್ನಲೇ, ನನಗ್ಯಾಕ ಅಂತಿ" ಎಂದು ನನ್ನ ತಲೆಗೆ ಮೊಟಕುತ್ತಿದ್ದಳು.

ತೊಂದರೆ ಮೈಯದಲ್ಲ, ಮಕ್ಕಳದು. ಮದುವೆಯಾಗಿ ಐದು ವರ್ಷವಾದರೂ ಅವಳಿಗೆ ಬಸಿರು ನಿಲ್ಲಲಿಲ್ಲ. ಯುದ್ಧ ಮುಗಿದ ಮರುವರ್ಷದ ಯುಗಾದಿಗೆ ಅವಳ ಅತ್ತೆ ನಮ್ಮ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಮಾತು ತೆಗೆದಳು. ಆಕೆ ಕೆಟ್ಟವಳಲ್ಲ, ಕಡ್ಡಿ ಮುರಿದ ಹಾಗೆ ಮಾತಾಡುವವಳು.

"ನೋಡವ್ವ, ನಿನ್ನ ಮಗಳು ಬಂಗಾರದಂಥಾಕಿ. ಆದರ ಮನಿಗೆ ಒಂದು ಕೂಸು ಬೇಕಲ್ಲ. ಬರೋ ಯುಗಾದಿ ತನಕ ನೋಡತೀವಿ. ಆಗಲಿಲ್ಲಂದ್ರ ಹಚ್ಚೊಳ್ಳ್ಯಾಗ ನಮ್ಮ ಪೈಕಿ ಒಂದು ಹುಡುಗಿ ಐತಿ, ತಂದುಕೋತೀವಿ. ಮುಚ್ಚಿ ಇಟ್ಟು ಮಾಡೋದು ನನಗ ಬರಂಗಿಲ್ಲ, ಅದಕ್ಕ ಹೇಳಾಕತ್ತೀನಿ."

ಮೊದಲ ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ತರುವುದು ಆಗ ಯಾರಿಗೂ ತಪ್ಪಾಗಿ ಕಾಣುತ್ತಿರಲಿಲ್ಲ. ಭಾವ ಅಲ್ಲೇ ಕಂಬಕ್ಕೆ ಒರಗಿ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಅಕ್ಕನೆಂದರೆ ಜೀವ. ತಾಯಿಯ ಎದುರು ಬಾಯಿ ಮಾತ್ರ ಇರಲಿಲ್ಲ. ಹೀಗೆ ಅಕ್ಕನಿಗೆ ಒಂದು ವರ್ಷದ ಗಡುವು ಬಿತ್ತು.

ನಾನಾಗ ಬಳ್ಳಾರಿಯಲ್ಲಿದ್ದೆ. ಕಾಲೇಜನ್ನು ಅರ್ಧಕ್ಕೆ ಬಿಟ್ಟು ಒಂದು ಹತ್ತಿ ಗಿರಣಿಯಲ್ಲಿ ಬರೆಯುವ ಕೆಲಸಕ್ಕೆ ಸೇರಿದ್ದೆ. ವಯಸ್ಸು ಇಪ್ಪತ್ತು. ನಾಲ್ಕಕ್ಷರ ಇಂಗ್ಲಿಷು ಬಂದದ್ದೇ ತಡ, ಲೋಕದ ಯಾವ ತೊಂದರೆಗಾದರೂ ಪರಿಹಾರ ಬಳ್ಳಾರಿ ಬಜಾರಿನಲ್ಲಿ ಪೊಟ್ಟಣ ಕಟ್ಟಿಟ್ಟಿರುತ್ತದೆ, ಹೋಗಿ ತರುವುದೊಂದೇ ಬಾಕಿ ಎಂದು ನಂಬಿದ್ದ ಕಾಲ. ಊರಲ್ಲಿ ಎಲ್ಲರೂ ನನ್ನನ್ನು ಓದಿದವನು ಎನ್ನುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಅಕ್ಕನನ್ನು ಹೆಣ್ಣುಮಕ್ಕಳ ಆಸ್ಪತ್ರೆಗೆ ತೋರಿಸೋಣ ಎಂದು ಹಟ ಹಿಡಿದು, ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಕರೆತಂದವನೂ ನಾನೇ.

ಆಸ್ಪತ್ರೆಯ ಡಾಕ್ಟರಮ್ಮ ತೆಲುಗಿನವಳು, ತೊಡರು ತೊಡರು ಕನ್ನಡ ಮಾತಾಡುತ್ತಿದ್ದಳು. ಅಕ್ಕನನ್ನು ಒಳಗೆ ಪರೀಕ್ಷೆ ಮಾಡಿ ಬಂದ ಮೇಲೆ ನನ್ನನ್ನೂ ಕರೆದಳು. ಅವಳು ಕೇಳಿದ್ದು ಎರಡೇ ಪ್ರಶ್ನೆ: ತಾಯಿಯ ಮನೆಯಲ್ಲಿ ಏನು ಉಣ್ಣುತ್ತಿದ್ದೆ, ಏನು ಕೆಲಸ ಮಾಡುತ್ತಿದ್ದೆ? ಅಕ್ಕ ಹೇಳಿದಳು: ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಮಜ್ಜಿಗೆ. ಕೋಳಿ ಕೂಗಿದಾಗ ಎದ್ದು ಜೋಳ ಬೀಸುವುದು, ಗುಡ್ಡದ ಬುಡದ ಬಾವಿಯಿಂದ ನೀರು, ಮಧ್ಯಾಹ್ನ ಹೊಲಕ್ಕೆ ಬುತ್ತಿ.

"ಅದನ್ನೇ ಮಾಡು," ಎಂದಳು ಡಾಕ್ಟರಮ್ಮ. "ಉಪವಾಸ ಬೇಡ, ಹಸಿವೆಗೆ ತಿನ್ನು, ಹೊಟ್ಟೆ ಬಿರಿಯ ಬೇಡ. ದಿನಾ ಬೀಸು, ದಿನಾ ನಡಿ. ಮೈ ಮೆಲ್ಲಗೆ ಇಳಿಯಬೇಕು. ನೋಡಿದವರಿಗೆ ತಿಳಿಯಬಾರದು, ಅಷ್ಟು ಮೆಲ್ಲಗೆ. ಆಗ ತಿಂಗಳದ್ದು ಸರಿ ಆಗಬಹುದು, ಮಗು ಆಗಬಹುದು. ಖಂಡಿತ ಅಂತ ನಾನು ಹೇಳೋದಿಲ್ಲ."

ಒಂದು ಚೀಟಿ ಬರೆಯಲಿಲ್ಲ, ಒಂದು ಸೀಸೆ ಕೊಡಲಿಲ್ಲ. ಔಷಧ ಯಾವುದು ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಇಲ್ಲ ಎಂದಳು. ಬೆಳಗಿನಿಂದ ಸಾಲಿನಲ್ಲಿ ಕೂತು ನಮ್ಮವ್ವನೂ ಹೇಳಬಹುದಾಗಿದ್ದ ಮಾತು ಕೇಳಿಸಿಕೊಂಡು ಬಂದೆವಲ್ಲ ಎಂದು ನನಗೆ ಮೈ ಉರಿಯಿತು. ಅಕ್ಕ ಮಾತ್ರ ದಾರಿಯುದ್ದಕ್ಕೂ ಹಗುರಾಗಿದ್ದಳು. ಏನೋ ಕೊಯ್ಯುತ್ತಾರೆ ಎಂದು ಹೆದರಿ ಬಂದಿದ್ದಳಂತೆ.

ಅತ್ತೆ ಒಪ್ಪಿ ಅಕ್ಕನನ್ನು ಕುರುಗೋಡಿಗೆ ಕಳಿಸಿದಳು. ಮೊದಲ ವಾರ ಬೀಸುವ ಕಲ್ಲಿನ ಮುಂದೆ ಕೂತರೆ ಹತ್ತು ಸುತ್ತಿಗೆ ಏದುಸಿರು, ಬಾವಿಯಿಂದ ಒಂದು ಕೊಡ ತರುವುದರಲ್ಲಿ ಮೂರು ಕಡೆ ಕೂರುವುದು. ಅವ್ವ ಎದುರಿಗೆ ಕೂತು ಕಲ್ಲಿನ ಗೂಟಕ್ಕೆ ತಾನೂ ಕೈ ಹಾಕುತ್ತಿದ್ದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಇಬ್ಬರೂ ಹಾಡುತ್ತ ಬೀಸುವುದು ನಾನು ಭಾನುವಾರ ಊರಿಗೆ ಹೋದಾಗ ಕೇಳಿಸುತ್ತಿತ್ತು. ಹಾಡುವಷ್ಟು ಉಸಿರು ಉಳಿಯುತ್ತಿದೆ ಎಂದರೆ ಸುಧಾರಿಸಿದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪ್ರತಿ ಸಲ ಹೋದಾಗಲೂ ಕಣ್ಣಳತೆಯಲ್ಲಿ ನೋಡಿ, "ಅಷ್ಟೇ ಅದೀಯಲ್ಲ" ಎನ್ನುತ್ತಿದ್ದೆ. ಅವಳು, "ನೋಡಿದವರಿಗೆ ತಿಳೀಬಾರದು ಅಂದಾಳ ಡಾಕ್ಟರಮ್ಮ. ತಿಳದಿಲ್ಲಂದ್ರ ಚೊಲೋ ನಡದೈತಿ" ಎಂದು ನಗುತ್ತಿದ್ದಳು. ಭಾವ ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದ. ಮಹಾನವಮಿಗೆ ಬಂದವನು ಒಂದು ವಾರ ಇದ್ದ.

ಅಕ್ಕ ಇಳಿದದ್ದು ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಅದನ್ನು ಹಿಡಿದವನು ಬಳೆಗಾರ. ದೀಪಾವಳಿ ಮುಂದಿಟ್ಟುಕೊಂಡು ಬಳೆ ಮಲಾರ ಹೊತ್ತು ಬಂದ ಆ ಮುದುಕ, ಅಕ್ಕ ಚಿಕ್ಕವಳಿದ್ದಾಗಿನಿಂದ ಅವಳಿಗೆ ಬಳೆ ತೊಡಿಸಿದವನು. ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಕೂತಿದ್ದರು. ಅಕ್ಕನ ಕೈ ಹಿಡಿದು ಒತ್ತಿ ನೋಡಿದವನೇ ಕಟ್ಟಿದ್ದ ಬಳೆಯ ಸರ ಬಿಚ್ಚದೆ ಬದಿಗಿಟ್ಟ.

"ತಂಗೆವ್ವ, ಕೈ ಇಳದಾವ. ನಿನಗ ಎರಡೂ ಹತ್ತು ಅಳತಿ ಹಾಕತಿದ್ದೆ. ಈಗ ಎರಡೂ ಎಂಟು ಕುಂದರತಾವ."

ಅಕ್ಕನ ಮುಖ ಅರಳಿದ್ದನ್ನು ಹಬ್ಬಕ್ಕೆಂದು ಬಂದಿದ್ದ ನಾನು ನೋಡಿದೆ. ಅವ್ವನ ಮುಖ ಕಪ್ಪಿಟ್ಟದ್ದನ್ನೂ ನೋಡಿದೆ.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು, ಯಾರೂ ಬರೆದಿಟ್ಟದ್ದಲ್ಲ. ತವರಿಗೆ ಬಂದ ಮಗಳು ಬಂದದ್ದಕ್ಕಿಂತ ಮೈದುಂಬಿ ಹಿಂದಿರುಗಬೇಕು. ತವರಿನಲ್ಲಿ ತೊಡಿಸಿದ ಬಳೆಯೇ ಅದಕ್ಕೆ ಸಾಕ್ಷಿ. ಹೋದ ದಿನ ಅತ್ತೆಯ ಓಣಿಯ ಹೆಂಗಸರು ಬಂದು ಕೈ ಹಿಡಿದು ಬಳೆ ನೋಡುತ್ತಾರೆ. ಬಳೆಯ ಅಳತೆ ಇಳಿದಿದ್ದರೆ ತವರು ಬಡವಾಗಿದೆ, ಇಲ್ಲವೇ ಮಗಳು ಭಾರವಾಗಿದ್ದಾಳೆ ಎಂದರ್ಥ. ಆ ಬಳೆಗಾರನೋ, ನಮ್ಮೂರು ಮುಗಿಸಿ ತೆಕ್ಕಲಕೋಟೆ, ಅಲ್ಲಿಂದ ಸಿರುಗುಪ್ಪ, ಮನೆ ಮನೆ ತಿರುಗುವವನು. ಬಳೆಯ ಜೊತೆ ಸುದ್ದಿಯನ್ನೂ ತೊಡಿಸುವವನು. ಅಂದು ಕೂತಿದ್ದ ಹೆಂಗಸರಲ್ಲೇ ಒಬ್ಬಾಕೆ, "ಯಾಕ, ಈ ವರ್ಷ ಜ್ವಾಳ ಸರಿಯಾಗಿ ಬರಲಿಲ್ಲೇನು ನಿಮಗ?" ಎಂದು ಕೇಳಿಯೂ ಆಯಿತು.

ಮರುದಿನದಿಂದ ಅವ್ವ ಅಕ್ಕನನ್ನು ಕಲ್ಲಿನ ಹತ್ತಿರ ಸುಳಿಯಗೊಡಲಿಲ್ಲ. ಬೀಸಲು ಓಣಿಯ ಒಬ್ಬಾಕೆಯನ್ನು ಗೊತ್ತು ಮಾಡಿದಳು. ಕೊಡ ಮುಟ್ಟಿದರೆ ಕಸಿದುಕೊಂಡಳು. ಎರಡು ಹೊತ್ತು ಬೆಲ್ಲ ತುಪ್ಪ, ಹಾಲಿಗೆ ಅಂಟಿನುಂಡೆ. ಬೀಗತಿಗೆ ಎಲ್ಲ ಗೊತ್ತಿದೆಯಲ್ಲ, ಡಾಕ್ಟರು ಹೇಳಿದ್ದಕ್ಕೇ ಕಳಿಸಿದ್ದಲ್ಲವೇ ಎಂದು ನಾನು ಒಂದು ಸಲ ಅಂದೆ.

"ಬೀಗತಿಗೆ ಗೊತ್ತೈತಿ, ಊರಿಗೆ ಗೊತ್ತೈತೇನು?" ಎಂದಳು ಅವ್ವ. "ಆರು ತಿಂಗಳು ಇಟಗೊಂಡು ಮಗಳನ್ನ ಒಣಗಿಸಿ ಕಳಿಸಿದ್ಲು ಅಂತಾರ. ಕೂಸಿಲ್ಲ ಅನ್ನೋ ಮಾತು ಸಾಕಾಗಿಲ್ಲೇನು ಆಕಿಗೆ?"

ಅವ್ವನಿಗೆ ಮಗಳ ಮೇಲೆ ಪ್ರೀತಿ ಕಡಿಮೆಯಿತ್ತೆಂದು ಯಾರೂ ತಿಳಿಯಬಾರದು. ಅವಳ ಕಣ್ಣಲ್ಲಿ ನೀರಿತ್ತು, ಆ ನೀರಿನಲ್ಲೇ ತುಪ್ಪ ಬಡಿಸುತ್ತಿದ್ದಳು.

ನಾನು ಬಳ್ಳಾರಿಗೆ ಹೊರಟ ದಿನ ಅಕ್ಕ ಬಸ್ಸಿನ ತನಕ ಬಂದಳು. "ಲೇ ತಮ್ಮಾ, ನೀ ಓದಿದಾಂವ. ಅವ್ವ ನಿನ್ನ ಮಾತು ಕೇಳತಾಳ. ನನಗ ಬೀಸಾಕ ಬಿಡು ಅಂತ ಒಂದು ಮಾತು ಹೇಳೋ. ಯಾರೇನ ಅಂದರೂ ಅನ್ನಲಿ, ನನಗ ಮೈ ಹಗರಾಗೇತಿ" ಎಂದಳು. ಅವಳು ನನ್ನಿಂದ ಜೀವಮಾನದಲ್ಲಿ ಕೇಳಿದ್ದು ಅದೊಂದೇ ಇರಬೇಕು. ಅವ್ವನ ಜೊತೆ ವಾದಕ್ಕೆ ಕೂತರೆ ಅಳು, ಆಣೆ, ಊಟ ಬಿಡುವುದು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. "ನೋಡೋಣ ತಡಿ, ಅದಕ್ಕಿಂತ ಚೊಲೋ ದಾರಿ ಇರತೈತಿ" ಎಂದು ಹೇಳಿ ಬಸ್ಸು ಹತ್ತಿದೆ.

ಆ ಚೊಲೋ ದಾರಿ ಬಳ್ಳಾರಿಯ ಬಜಾರಿನಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ಕಡ್ಡಿಯಂಥ ಮನುಷ್ಯ, ತಲೆಗೆ ರುಮಾಲು, ತೆಲುಗು ಉರ್ದು ಕನ್ನಡ ಕಲಸಿದ ಮಾತು. ಕೋಲಿಗೆ ಒಂದು ಭಾರೀ ರವಿಕೆ ನೇತುಹಾಕಿದ್ದ. ಆದವಾನಿಯ ಕಡೆಯ ಒಬ್ಬ ಜಮೀನ್ದಾರನ ಹೆಂಡತಿಯದಂತೆ. ಈಗ ಆಕೆ ಅಂಥದೇ ಇನ್ನೊಂದನ್ನು ಕತ್ತರಿಸಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಹೊಲಿಸಿ ಹಾಕಿದ್ದಾಳಂತೆ. ಏಳು ಪುಡಿ, ಏಳು ದಿನ. ಏಳು ದಿನವೂ ಉಪ್ಪಿಲ್ಲದ ಹುರುಳಿ ಕಟ್ಟು ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ಎಂಟನೆಯ ದಿನ ಗಂಡನೇ ಗುರುತು ಹಿಡಿಯುವುದಿಲ್ಲ. ಇಂಥವರನ್ನು ಕಂಡರೆ ಈಗ ನನಗೆ ಕೈ ಕಡಿಯುತ್ತದೆ. ಅಂದು ಬಾಯಿ ತೆರೆದು ನಿಂತಿದ್ದೆ.

ನನ್ನ ಲೆಕ್ಕಾಚಾರ ನನಗೆ ಬಹಳ ಜಾಣತನದ್ದಾಗಿ ಕಂಡಿತು. ಅವ್ವ ಬೇಕಾದಷ್ಟು ತುಪ್ಪ ತಿನ್ನಿಸಲಿ, ಅಕ್ಕ ತುಂಬಿದ ಕೈಯಲ್ಲೇ ಸಿರುಗುಪ್ಪಕ್ಕೆ ಹೋಗಲಿ. ಪುಡಿ ಅಲ್ಲಿ ತಗೊಳ್ಳಲಿ. ಇಳಿಯುವುದು ಗಂಡನ ಮನೆಯಲ್ಲಿ ಇಳಿದರೆ ತವರಿಗೆ ಏನು ಕಳಂಕ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಪೊಟ್ಟಣ ಕಟ್ಟುತ್ತ ಅವನು ಕೇಳಿದ: "ಯಾರಿಗ್ರಿ? ಹೆಣ್ಣುಮಕ್ಕಳಿಗೇನ್ರಿ? ಬಸರಿ ಹೆಂಗಸರಿಗೆ, ಹೊಟ್ಟಿಲೆ ಇದ್ದಾರಿಗೆ ಕೊಡಬ್ಯಾಡ್ರಿ ಮತ್ತ."

ನಾನು ನಕ್ಕೆ. "ಆಕಿ ಹೊಟ್ಟಿಲೆ ಇದ್ರ ನಿನ್ನ ಹತ್ರ ಯಾಕ ಬರತಿದ್ದೆ?" ಎಂದೆ.

ಕಾರ್ತಿಕ ಮುಗಿಯುವ ಮೊದಲು ಅಕ್ಕ ಸಿರುಗುಪ್ಪಕ್ಕೆ ಹೋದಳು. ಹದಿನೈದು ದಿನ ಬಿಟ್ಟು ನಾನು ಪೊಟ್ಟಣ ಹಿಡಿದು ಹೋದೆ. ಹಿತ್ತಲಲ್ಲಿ ಆಳುಗಳು ಕುದಿಸಿದ ನೆಲ್ಲು ಹರವುತ್ತಿದ್ದರು, ಅಕ್ಕ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಅವಳು ಪುಡಿ ಮೂಸಿ ನೋಡಿ, "ಡಾಕ್ಟರಮ್ಮ ಔಷಧ ಏನೂ ಬ್ಯಾಡ ಅಂದಿದ್ಲಲ್ಲೋ" ಎಂದಳು.

"ಆಕಿಗೆ ಗೊತ್ತಿದ್ರ ಕೊಡತಿದ್ಲು. ಏಳ ದಿನ, ಯುಗಾದಿ ಬಂತಲ್ಲ ಹತ್ರ" ಎಂದೆ. ಯುಗಾದಿಯ ಹೆಸರು ಎತ್ತಿದ್ದು ಅವಳನ್ನು ಒಪ್ಪಿಸಲಿಕ್ಕೆಂದೇ. ಅವಳು ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡಳು.

ಹತ್ತನೆಯ ದಿನ ಭಾವನ ಕಾರ್ಡು ಬಂತು: ಕೂಡಲೇ ಬರುವುದು. ಹೋದಾಗ ಅಕ್ಕ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿತ್ತು, ತೋಳು ಜೋತಿತ್ತು. ಏಳು ದಿನ ಭೇದಿಯಾಗಿ, ಎಂಟನೆಯ ದಿನ ರಕ್ತ ಹೋಗಲು ಶುರುವಾಗಿತ್ತು. ಸೂಲಗಿತ್ತಿ ಬಂದು ನೋಡಿ ಎರಡು ತಿಂಗಳದ್ದು ಎಂದಳಂತೆ. ತಿಂಗಳು ತಪ್ಪಿದ್ದನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ತಪ್ಪುವುದೇ ಅವಳಿಗೆ ರೂಢಿಯಾಗಿತ್ತಲ್ಲ. ಅತ್ತೆ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಕುರುಗೋಡಿನ ಜೋಳ, ಬೀಸುವ ಕಲ್ಲು, ಗುಡ್ಡದ ಬಾವಿ ಸದ್ದಿಲ್ಲದೆ ತಮ್ಮ ಕೆಲಸ ಮುಗಿಸಿದ್ದವು. ಮಹಾನವಮಿಯ ಹೊತ್ತಿಗೇ ಮುಗಿಸಿದ್ದವು. ನಾವು ಬೆಲ್ಲ ತುಪ್ಪ ತಿನ್ನಿಸುವಾಗ, ನಾನು ಬೇವಿನ ಮರದ ಕೆಳಗೆ ನಿಂತು ನಗುವಾಗ, ಅದು ಅವಳ ಹೊಟ್ಟೆಯಲ್ಲಿತ್ತು.

ಬಳ್ಳಾರಿಗೆ ಕರೆತಂದೆವು. ಅದೇ ಡಾಕ್ಟರಮ್ಮ. ಭಾವ ಕೊಟ್ಟ ಖಾಲಿ ಪೊಟ್ಟಣದ ಧೂಳನ್ನು ಬೆರಳಿಗೆ ಹಚ್ಚಿ ನೋಡಿ, ಜಾಪಾಳದ ಬೀಜ, ಉಗ್ರ ಭೇದಿಯ ಮದ್ದು ಎಂದಳು. ಎತ್ತಿಗೆ ಕೊಟ್ಟರೂ ಎತ್ತು ಮಲಗುತ್ತದೆ ಎಂದಳು. ಜೀವ ಉಳಿದದ್ದೇ ಹೆಚ್ಚು, ಇನ್ನು ಮುಂದೆ ಬಸಿರು ನಿಲ್ಲುವ ಬಗ್ಗೆ ತಾನೇನೂ ಹೇಳಲಾರೆ ಎಂದಳು. ಆಮೇಲೆ ತಣ್ಣಗೆ ಕೇಳಿದಳು: "ಇದನ್ನು ಯಾರು ತಂದದ್ದು?"

ನಾನು ಉತ್ತರಿಸುವ ಮೊದಲೇ ಅಕ್ಕ ಮಂಚದ ಮೇಲಿಂದ, "ನಾನ ತರಿಸಿಕೊಂಡೀನ್ರಿ" ಎಂದಳು. ನಾನು ತೆರೆದ ಬಾಯಿ ಮುಚ್ಚಿದೆ.

ವಾಪಸು ಹೋದ ಮೇಲೆ ಸಿರುಗುಪ್ಪದ ಹೆಂಗಸರು ಅಕ್ಕ ಎಷ್ಟು ತೆಳ್ಳಗಾಗಿದ್ದಾಳೆ ಎಂದು ಬಂದು ನೋಡಿದರು. ಆ ತೆಳುವು ಮೂರು ತಿಂಗಳೂ ನಿಲ್ಲಲಿಲ್ಲ. ಸುಸ್ತೆಂದು ಮಲಗಿಸಿ ಮೆತ್ತನ್ನ ಉಣ್ಣಿಸಿದ್ದಕ್ಕೆ ಹೋದ ಮೈ ಹೋದದ್ದಕ್ಕಿಂತ ಹೆಚ್ಚಾಗಿ ಬಂತು. ಯುಗಾದಿಯೂ ಬಂತು. ಹಚ್ಚೊಳ್ಳಿಯ ಹುಡುಗಿ ಬಂದಳು, ವರ್ಷ ತುಂಬುವುದರೊಳಗೆ ಹೆತ್ತಳು. ಅಕ್ಕ ಆ ಕೂಸಿಗೆ ನೀರೆರೆದು, ಕಾಡಿಗೆ ಹಚ್ಚಿ, ಆರು ತಿಂಗಳು ಆಡಿಸಿ, ಒಂದು ದಿನ ಯಾರೊಂದಿಗೂ ಜಗಳವಾಡದೆ ಕುರುಗೋಡಿಗೆ ಬಂದುಬಿಟ್ಟಳು.

ಈ ಸಲ ಬಳೆಯ ಅಳತೆ ಕೇಳುವವರು ಯಾರೂ ಇರಲಿಲ್ಲ. ಬೀಸಬೇಡ ಎನ್ನುವವರೂ ಇರಲಿಲ್ಲ. ಅವಳು ಬೀಸಿದಳು, ನೀರು ಹೊತ್ತಳು, ರೊಟ್ಟಿ ಉಂಡಳು. ಎರಡು ವರ್ಷದಲ್ಲಿ ಮೈ ಹದಕ್ಕೆ ಬಂತು, ಮೊಣಕಾಲು ನೋವು ಹೋಯಿತು. ತಿಂಗಳದ್ದೂ ಸರಿಯಾಯಿತೆಂದು ಅವ್ವ ಒಮ್ಮೆ ನನ್ನ ಹೆಂಡತಿಯ ಹತ್ತಿರ ಹೇಳಿ ಅತ್ತಳಂತೆ. ಡಾಕ್ಟರಮ್ಮ ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಅದನ್ನು ನಡೆಯಲು ಬಿಡುವಷ್ಟು ವ್ಯವಧಾನ ನಮಗಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನನ್ನಂಥ ಆತುರಗಾರನಿಗೆ ಬುದ್ಧಿ ಮಟ್ಟವಾದರೆ ಅದರ ಫಲ ಉಣ್ಣುವವರು ಬೇರೆ, ಗಾದೆ ಕಟ್ಟಿದವರು ಅದನ್ನು ಹೇಳುವುದು ಮರೆತಿದ್ದಾರೆ.

ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರುವ ಹಿಂದಿನ ವರ್ಷ ಒಂದು ಭಾನುವಾರ ಊರಿಗೆ ಹೋದೆ. ನನಗೆ ಮಗಳು ಹುಟ್ಟಿ ತಿಂಗಳಾಗಿತ್ತು. ಆ ಕೂಸನ್ನು ಎತ್ತಿಕೊಂಡಾಗಲೆಲ್ಲ ಪುಡಿ ಮಾರುವವನ ಮಾತು ಕಿವಿಗೆ ಬಡಿಯುತ್ತಿತ್ತು. ಅವನು ಎಚ್ಚರಿಸಿದ್ದ, ನಾನು ನಕ್ಕಿದ್ದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಅಂದು ಅಕ್ಕನಿಗೆ ಹೇಳಿಯೇ ಬಿಡಬೇಕೆಂದು ಹೋಗಿದ್ದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಅಕ್ಕ, ಆ ಪುಡಿ" ಎಂದು ಶುರು ಮಾಡಿದೆ.

ಅವಳು ಬಡಿಯುವುದು ನಿಲ್ಲಿಸಲಿಲ್ಲ. "ಬಿಡಲೇ. ಮೂರನೇ ಪುಡಿಗೇ ನನಗ ಅನುಮಾನ ಬಂದಿತ್ತು" ಎಂದಳು. "ಅನ್ನದ ಗಂಜಿ ವಾಸನಿಗೆ ಓಕರಿಕಿ ಬರತಿತ್ತು. ಅದು ಪುಡೀದಲ್ಲ, ಬ್ಯಾರೆನ ಅನಸತಿತ್ತು. ನಮ್ಮತ್ತೆವ್ವಗ ಹೇಳಲೇನು ಅಂದುಕೊಂಡೆ."

"ಮತ್ಯಾಕ ತಗೊಂಡಿ ಉಳದದ್ದು?"

"ನೀ ತಂದದ್ದಲ್ಲೇನು. ಎಲ್ಲಾ ಕೇಳಿಕೊಂಡ ತಂದಿರತಾನ, ಓದಿದಾಂವ, ಅಂದುಕೊಂಡೆ."

ರೊಟ್ಟಿ ಹಂಚಿನಿಂದ ತೆಗೆದು ನನ್ನ ತಟ್ಟೆಗೆ ಹಾಕಿದಳು. ನಾನು ಹೇಳಲು ಹೋದದ್ದನ್ನು ಹೇಳಲಿಲ್ಲ. ಅಕ್ಕ ತೀರಿಕೊಳ್ಳುವ ತನಕವೂ ಹೇಳಲಿಲ್ಲ. ನಾನು ಎಲ್ಲ ಕೇಳಿಕೊಂಡೇ ತಂದಿದ್ದೆ, ಮಾರಿದವನು ಏನೂ ಹೇಳಿರಲಿಲ್ಲ ಎಂದು ನಂಬಿಯೇ ಅವಳು ಹೋದಳು.